ಪೊರಿಗೆರೆಯ ಕಂಬವೂ ನಮ್ಮ ಮನೆಪಟ್ಟಿಯೂ

ಮನೆಪಟ್ಟಿಯ ನೋಟೀಸು ಬಂದ ದಿನ ಊರ ಕಟ್ಟೆಯ ಮೇಲೆ ಎರಡು ಬಗೆಯ ಮಾತುಗಳು ಕೇಳಬರುತ್ತವೆ. ಮುನಸಿಪಾಲಿಟಿ, ಪಂಚಾಯತಿ, ಬಜೆಟ್ಟು ಇವೆಲ್ಲ ಇಂಗ್ಲಿಷರು ನಮ್ಮ ಕೊರಳಿಗೆ ಕಟ್ಟಿ ಹೋದ ಸಾಮಾನು ಎಂದು ಒಬ್ಬರು ಹೇಳುತ್ತಾರೆ. ಹಿಂದಿನ ಕಾಲದಲ್ಲಿ ಅರಸನು ಕೆರೆ ಕಟ್ಟಿಸುತ್ತಿದ್ದನು, ಪ್ರಜೆಗಳು ನೀರು ಕುಡಿಯುತ್ತಿದ್ದರು, ನಡುವೆ ಈ ಪಟ್ಟಿಯ ಕಾಟ ಇರಲಿಲ್ಲ ಎಂದು ಇನ್ನೊಬ್ಬರು ನಿಟ್ಟುಸಿರು ಬಿಡುತ್ತಾರೆ. ಇಬ್ಬರ ಮಾತನ್ನೂ ಅಲ್ಲಗಳೆಯುವ ಒಂದು ಕಲ್ಲಿನ ಕಂಬವು ನಮ್ಮ ಸೀಮೆಯ ಲಕ್ಷ್ಮೇಶ್ವರದಲ್ಲಿಯೇ ದೊರೆತಿದೆ. ಅದರ ಮೇಲಣ ಬರಹಕ್ಕೆ ಈಗ ಸುಮಾರು ಸಾವಿರದ ಮುನ್ನೂರು ವರುಷ. ಆ ಬರಹದ ವಿಷಯ ಯುದ್ಧವಲ್ಲ, ದೇವಾಲಯದ ದತ್ತಿಯೂ ಅಲ್ಲ. ಒಂದು ಪಟ್ಟಣದ ಆಡಳಿತ. ಯಾರು ಯಾವ ಕಾಲಕ್ಕೆ ತೆರಿಗೆ ಕೊಡಬೇಕು, ಯಾರಿಗೆ ಕೊಡಬೇಕು, ಅಧಿಕಾರಿಗಳು ಏನೇನನ್ನು ಕಾಪಾಡಬೇಕು ಎಂಬುದೇ ಅದರ ತಿರುಳು.

ಮೊದಲು ಸೀಮೆಯ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ. ಇಂದು ನಾವು ಗದಗು, ಬೆಟಗೇರಿ, ಕುರ್ತಕೋಟಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಕರೆಯುವ ಈ ಎರೆಯ ನಾಡು ಶಾಸನಗಳ ಕಾಲದಲ್ಲಿ ಬಹುಮಟ್ಟಿಗೆ ಎರಡು ವಿಭಾಗಗಳಲ್ಲಿ ಹಂಚಿಹೋಗಿತ್ತು. ಒಂದು ಬೆಳ್ವೊಲ ಮುನ್ನೂರು, ಇನ್ನೊಂದು ಪುಲಿಗೆರೆ ಮುನ್ನೂರು. ಇವೆರಡನ್ನೂ ಕೂಡಿಸಿ ಎರಡರುನೂರು ಎಂದು ಕರೆಯುವ ರೂಢಿಯೂ ಇತ್ತು. ಕುರ್ತಕೋಟಿಯು ಬೆಳ್ವೊಲಕ್ಕೆ ಸೇರಿದ್ದು. ಅದರ ಹಳೆಯ ಹೆಸರು ಕುರುತ್ತಕುಂಟೆ. ಲಕ್ಷ್ಮೇಶ್ವರವು ಪುಲಿಗೆರೆ, ಇನ್ನೂ ಹಿಂದಿನ ರೂಪ ಪೊರಿಗೆರೆ. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ನಾಡಿನ ಮೇರೆಗಳಲ್ಲಿ ಈ ಪುಲಿಗೆರೆಯೂ ಒಂದೆಂಬುದನ್ನು ಓದುಗರು ಬಲ್ಲರು. ಪಂಪನೂ ಪುಲಿಗೆರೆಯ ಕನ್ನಡವನ್ನು ಹೆಮ್ಮೆಯಿಂದ ನೆನೆದಿದ್ದಾನೆ. ಕವಿಗಳು ಹೊಗಳಿದ ಆ ಕನ್ನಡದಲ್ಲಿ, ಕವಿರಾಜಮಾರ್ಗಕ್ಕಿಂತ ನೂರು ವರುಷಗಳಿಗೂ ಮೊದಲೇ, ಮನೆತೆರಿಗೆಯ ಕಟ್ಟಳೆ ಕಲ್ಲಿನ ಮೇಲೆ ಕೂತಿತ್ತೆಂಬುದು ನಮ್ಮ ಪಾಠಪುಸ್ತಕಗಳಲ್ಲಿ ಬರುವುದಿಲ್ಲ. ಹಳಗನ್ನಡವೆಂದರೆ ಚಂಪೂ ಕಾವ್ಯ ಮಾತ್ರ ಎಂದು ನಮ್ಮ ಹುಡುಗರು ತಿಳಿದುಕೊಂಡಿದ್ದರೆ ತಪ್ಪು ಅವರದಲ್ಲ.

ಬಾದಾಮಿಯ ಚಲುಕ್ಯ ವಿಜಯಾದಿತ್ಯನ ಮಗ ವಿಕ್ರಮಾದಿತ್ಯನು ಇನ್ನೂ ಯುವರಾಜನಾಗಿದ್ದಾಗ ಹೊರಡಿಸಿದ ಶಾಸನವಿದು. ಕಾಲ ಕ್ರಿ. ಶ. ೭೨೫ರ ಸುಮಾರು. ಮುಂದೆ ಪಟ್ಟಕ್ಕೆ ಬಂದು ಪಲ್ಲವರ ಕಂಚಿಯನ್ನು ಗೆದ್ದ ಎರಡನೆಯ ವಿಕ್ರಮಾದಿತ್ಯನು ಇವನೇ. ಬಾರ್ನೆಟ್ ಎಂಬ ವಿದ್ವಾಂಸರು ಇದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿ ಪ್ರಕಟಿಸಿದರು. ಪೊರಿಗೆರೆಯ ಮಹಾಜನರಿಗೂ, ನಗರಕ್ಕೂ, ಹದಿನೆಂಟು ಪ್ರಕೃತಿಗಳಿಗೂ ಯುವರಾಜನು ಕೊಟ್ಟ ‘ಆಚಾರವ್ಯವಸ್ಥೆ’ ಇದು ಎಂದು ಶಾಸನವು ತನ್ನನ್ನು ತಾನೇ ಹೆಸರಿಸಿಕೊಳ್ಳುತ್ತದೆ. ಇಲ್ಲಿ ‘ನಗರ’ ಎಂಬ ಶಬ್ದಕ್ಕೆ ಪಟ್ಟಣವೆಂಬ ಅರ್ಥವಲ್ಲ. ಹಳೆಯ ಶಾಸನಗಳಲ್ಲಿ ನಗರ ಅಥವಾ ನಖರವೆಂದರೆ ವರ್ತಕರ ಸಂಘ. ಮಹಾಜನರೆಂದರೆ ವಿದ್ಯಾವಂತ ಬ್ರಾಹ್ಮಣ ಕುಟುಂಬಗಳ ಸಭೆ. ಹದಿನೆಂಟು ಪ್ರಕೃತಿಗಳೆಂದರೆ ನಾನಾ ಕಸಬಿನ ಉಳಿದ ಪ್ರಜಾವರ್ಗ. ಹೀಗೆ ಊರಿನ ಮೂರು ಗುಂಪುಗಳನ್ನೂ ಹೆಸರು ಹಿಡಿದು ಕರೆದು ಕೊಟ್ಟ ಕಟ್ಟಳೆ ಇದು.

ಇದರಲ್ಲಿ ತೆರಿಗೆಯ ಮಾತಿಗಿಂತ ಮೊದಲು ಬರುವುದು ಅಧಿಕಾರಿಗಳ ಕರ್ತವ್ಯ. ಓದುಗರು ಈ ಕ್ರಮವನ್ನು ದಯವಿಟ್ಟು ಗಮನಿಸಬೇಕು. ಅರಸನ ಅಧಿಕಾರಿಗಳು ಒಕ್ಕಲಿಲ್ಲದೆ ಬರಿದಾದ ಮನೆಗಳನ್ನು ಕಾಪಾಡಬೇಕು. ಅರಸನು ಕೊಟ್ಟ ದಾನವನ್ನೂ ಅರಸನು ಸಾರಿದ ಮಾತನ್ನೂ ಕಾಪಾಡಬೇಕು. ಸಜ್ಜನರು ನುಡಿದ ಸಾಕ್ಷ್ಯವನ್ನು ಪ್ರಮಾಣವೆಂದು ಮನ್ನಿಸಬೇಕು. ಊರಿನ ಹಿಂದಿನ ಮರ್ಯಾದೆ, ತಾಮ್ರಶಾಸನ, ಅನುಭವಿಸುತ್ತ ಬಂದ ಸ್ವತ್ತಿನ ಅನುಭೋಗ ಇವುಗಳನ್ನು ಅಲುಗಿಸಬಾರದು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಬೀಗ ಹಾಕಿದ ಮನೆಗೆ ಸರಕಾರದವನು ಕೈಹಾಕಕೂಡದು. ಹಿಂದಿನ ದಾಖಲೆಯನ್ನು ಹೊಸ ಅಧಿಕಾರಿ ತಳ್ಳಿಹಾಕಕೂಡದು. ನಾಲ್ಕು ಜನ ದೊಡ್ಡವರು ಹೇಳಿದ ಸಾಕ್ಷಿಯನ್ನು ಕೇಳದೆ ತೀರ್ಪು ಕೊಡಕೂಡದು. ಅಧಿಕಾರಿಗಳು ಇವನ್ನೆಲ್ಲ ಮಾಡದೆ ಇದ್ದ ಪ್ರಸಂಗಗಳು ಬಂದಿರದಿದ್ದರೆ ಇಷ್ಟು ಬಿಡಿಸಿ ಬರೆಯುವ ಕಾರಣವಿರಲಿಲ್ಲವೆಂದು ನನ್ನ ಎಣಿಕೆ. ಪ್ರತಿಯೊಂದು ಕಟ್ಟಳೆಯ ಹಿಂದೆಯೂ ಒಂದು ದೂರು ಇರುತ್ತದೆ.

ಆಮೇಲೆ ತೆರಿಗೆ. ಒಕ್ಕಲಿರುವ ಪ್ರತಿಯೊಂದು ಮನೆಯೂ ವರುಷದ ತೆರಿಗೆಯನ್ನು ವೈಶಾಖ ಮಾಸದಲ್ಲಿ ನಾಡನ್ನಾಳುವ ಅಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಉತ್ಸವಾದಿಗಳ ವಂತಿಗೆಯಲ್ಲಿ ಎಲ್ಲ ಮನೆಗಳೂ ಒಂದೇ ಸಮ ಕೊಡಬೇಕಾಗಿಲ್ಲ. ಮೇಲ್ತರದ ಮನೆಗೆ ಹೆಚ್ಚು, ನಡುತರದ್ದಕ್ಕೆ ಅದಕ್ಕಿಂತ ಕಡಿಮೆ, ಕೆಳತರದ್ದಕ್ಕೆ ಇನ್ನೂ ಕಡಿಮೆ. ಶಕ್ತಿ ಇದ್ದಂತೆ ಹೊರೆ ಎಂಬ ನ್ಯಾಯವನ್ನು ನಾವು ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಪಶ್ಚಿಮದವರ ಹೆಸರಿನಲ್ಲಿ ಓದುತ್ತೇವೆ. ಪೊರಿಗೆರೆಯ ಪೇಟೆಯವರಿಗೆ ಅದು ಪುಸ್ತಕದ ಮಾತಾಗಿರಲಿಲ್ಲ.

ವೈಶಾಖವನ್ನೇ ಏಕೆ ಆರಿಸಿದರು? ಶಾಸನವು ಕಾರಣ ಹೇಳುವುದಿಲ್ಲ. ಆದರೆ ಎರೆಯ ಹೊಲದ ಬೆಳೆಯನ್ನು ಬಲ್ಲವರಿಗೆ ಊಹೆ ಕಷ್ಟವಲ್ಲ. ಹಿಂಗಾರಿಯ ಬಿಳಿಜೋಳ ಕೊಯ್ದು, ರಾಶಿ ಮಾಡಿ, ಹಗೇವಿಗೆ ತುಂಬಿ, ಮಿಕ್ಕದ್ದನ್ನು ಮಾರಿ ಆಗುವುದು ಯುಗಾದಿಯ ಹೊತ್ತಿಗೆ. ವೈಶಾಖದಲ್ಲಿ ಒಕ್ಕಲಿನವನ ಕೈಯಲ್ಲಿ ಕಾಸು ಆಡುತ್ತದೆ. ಮುಂಗಾರಿಯ ಬಿತ್ತನೆಗೆ ಅದು ಹೊರಟು ಹೋಗುವ ಮೊದಲೇ ಕೇಳಿದರೆ ಕೊಡುವವನಿಗೂ ಹಗುರ, ತೆಗೆದುಕೊಳ್ಳುವವನಿಗೂ ಹಗುರ. ಈಗಿನ ಸರಕಾರಿ ವರುಷವು ಏಪ್ರಿಲ್ ಒಂದಕ್ಕೆ ಮೊದಲಾಗುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಇದು ಆಕಸ್ಮಿಕವಿರಬಹುದು, ನಾನು ಅದರಿಂದ ಏನನ್ನೂ ಸಾಧಿಸಹೊರಟಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಭಾಗ ಇನ್ನು ಮುಂದಿದೆ. ಕಾರ್ತಿಕ ಮಾಸದಲ್ಲಿ ಸಲ್ಲಬೇಕಾದ ತೆರಿಗೆಯು ಅಲ್ಲಿಯ ಸೇಣಿಗೆ, ಎಂದರೆ ಶ್ರೇಣಿಗೆ ಸಲ್ಲತಕ್ಕದ್ದು. ಕಳವಿನ ದಂಡ, ಸಣ್ಣಪುಟ್ಟ ತಪ್ಪುಗಳ ದಂಡ, ದಶಾಪರಾಧಗಳ ದಂಡ, ಮಕ್ಕಳಿಲ್ಲದೆ ಸತ್ತವರ ಸ್ವತ್ತು, ಇವೂ ಶ್ರೇಣಿಗೇ ಸಲ್ಲತಕ್ಕದ್ದು. ಆ ಕಾಲದಲ್ಲಿ ಅನಾಥವಾದ ಸ್ವತ್ತೆಂದರೆ ಅರಸನ ಬೊಕ್ಕಸಕ್ಕೆ ಸಲೀಸಾದ ಆದಾಯ. ಅದನ್ನೇ ಊರಿನ ಸಂಘಕ್ಕೆ ಬಿಟ್ಟುಕೊಟ್ಟ ಮೇಲೆ, ಸತ್ತವನ ಮನೆಯ ಬಾಗಿಲಲ್ಲಿ ಅಧಿಕಾರಿ ಕಾದು ಕೂಡ್ರುವ ಕಾರಣವೇ ಇಲ್ಲದಂತಾಯಿತು. ಊರಿಗೆ ತನ್ನದೇ ಆದ ಹಣ, ಆ ಹಣಕ್ಕೆ ಬರಹದ ಆಧಾರ. ಪಟ್ಟಣದ ಆಡಳಿತವೆಂಬುದು ಹುಟ್ಟುವುದು ಇವೆರಡು ಕೂಡಿದಲ್ಲಿ. ಸಭೆ ಸೇರಿ ಮಾತಾಡುವುದೊಂದೇ ಆಡಳಿತವಲ್ಲ. ಮಾತಾಡುವವರ ಕೈಯಲ್ಲಿ ಗಂಟು ಇರಬೇಕು.

ಶಾಸನವು ಅಧಿಕಾರಿಗಳಿಗೆ ತಾಮ್ರಪಟವನ್ನು ಮನ್ನಿಸಿರೆಂದು ಹೇಳಿತಷ್ಟೆ. ಈ ಒಂದು ಮಾತಿಗೆ ಎಷ್ಟು ಬೆಲೆಯಿತ್ತೆಂಬುದಕ್ಕೆ ನಮ್ಮ ಕುರ್ತಕೋಟಿಯೇ ಒಂದು ವಿಚಿತ್ರವಾದ ಸಾಕ್ಷಿಯನ್ನು ಒದಗಿಸುತ್ತದೆ. ಒಂದನೆಯ ವಿಕ್ರಮಾದಿತ್ಯನು ಕುರುತ್ತಕುಂಟೆಯನ್ನು ದಾನವಾಗಿ ಕೊಟ್ಟನೆಂದು ಹೇಳುವ ತಾಮ್ರಪಟಗಳು ಇಲ್ಲಿಂದ ದೊರೆತಿವೆ. ಅವನ್ನು ಪರೀಕ್ಷಿಸಿದ ಫ್ಲೀಟ್ ಸಾಹೇಬರು ಇವು ಆ ಅರಸನ ಕಾಲದವಲ್ಲ, ಎಷ್ಟೋ ಕಾಲದ ಮೇಲೆ ಯಾರೋ ಹುಟ್ಟಿಸಿದ ಕೂಟಶಾಸನ ಎಂದು ತೀರ್ಮಾನಿಸಿದರು. ನಮ್ಮ ಊರಿನ ಹಳೆಯ ದಾಖಲೆ ಖೊಟ್ಟಿಯೆಂದು ಓದಿ ಕುರ್ತಕೋಟಿಯವರು ನೊಂದುಕೊಳ್ಳಬೇಕಾಗಿಲ್ಲ. ಖೊಟ್ಟಿ ನಾಣ್ಯವನ್ನು ಮಾಡುವುದು ಚಲಾವಣೆಯ ನಾಣ್ಯಕ್ಕೆ ತಾನೆ? ಬರಹವಿದ್ದರೆ ಹಕ್ಕು ಉಳಿಯುತ್ತದೆ, ಬರಹವಿಲ್ಲದಿದ್ದರೆ ಹೊಸ ಅಧಿಕಾರಿ ಕೇಳುವುದಿಲ್ಲ ಎಂಬ ತಿಳಿವಳಿಕೆ ಹಳ್ಳಿಯ ಮಟ್ಟಕ್ಕೂ ಇಳಿದಿತ್ತೆಂಬುದು ಈ ಕಳ್ಳ ತಾಮ್ರದಿಂದಲೇ ಗೊತ್ತಾಗುತ್ತದೆ. ಉತಾರೆಯಲ್ಲಿ ಹೆಸರು ಏರಿಸಲು ಚಾವಡಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಳೆಯನ್ನು ಒಮ್ಮೆ ಬರೆದರೆ ಮುಗಿಯಿತೆಂದೂ ಅಲ್ಲ. ರೋಣದ ಕಡೆಯ ಸೂಡಿಯ ಕತೆಯನ್ನು ನೋಡಿರಿ. ಇದು ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡ ಪಟ್ಟಣ. ನಾಣ್ಯ ಅಚ್ಚು ಹಾಕುವ ಟಂಕಸಾಲೆಯಿದ್ದ ಊರು. ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಊರಿನ ಹಿಂದಿನ ವ್ಯವಸ್ಥೆ ಮುರಿದುಬಿತ್ತು. ೧೦೫೦ರ ಸುಮಾರಿಗೆ, ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, ಅಲ್ಲಿಯ ಎಂಟು ಜನ ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಆ ವ್ಯವಸ್ಥೆಯನ್ನು ಹೊಸದಾಗಿ ಬರೆದುಕೊಡಲಾಯಿತು. ಆಗ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದವಳು ಸೋಮೇಶ್ವರನ ಸೋದರತ್ತೆ ಅಕ್ಕಾದೇವಿ. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ವೀರಸ್ತ್ರೀ ಎಂದು ನಾವು ಅವಳನ್ನು ಹೊಗಳುತ್ತೇವೆ, ಅದು ಯೋಗ್ಯವೇ. ಆದರೆ ಯುದ್ಧದಿಂದ ಕಂಗೆಟ್ಟ ಪೇಟೆಯು ಮತ್ತೆ ಬಾಗಿಲು ತೆರೆಯುವಂತಾದುದು ಅವಳ ಕಾಲದಲ್ಲಿ. ಕೋಟೆಯನ್ನು ಮುತ್ತಿದ್ದಕ್ಕಿಂತ ಇದು ಸಣ್ಣ ಕೆಲಸವೆಂದು ನನಗೆ ತೋರುವುದಿಲ್ಲ.

ಡಂಬಳದಲ್ಲಿ, ಅಂದಿನ ಧರ್ಮವೊಳಲಿನಲ್ಲಿ, ಹದಿನಾರು ಜನ ಸೆಟ್ಟಿಗಳು ಕೂಡಿ ಬೌದ್ಧ ವಿಹಾರವನ್ನು ಕಟ್ಟಿಸಿದ್ದನ್ನು ೧೦೯೫ರ ಶಾಸನ ಹೇಳುತ್ತದೆ. ಲಕ್ಕುಂಡಿಯಲ್ಲಿ ಸಾವಿರ ಮಹಾಜನರ ಸಭೆಯಿತ್ತು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಈ ಸೀಮೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇವನ್ನೆಲ್ಲ ವಿವರಿಸುತ್ತ ಹೋದರೆ ಸಂಚಿಕೆಯ ಪುಟಗಳು ಸಾಲವು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾಗುತ್ತದೆ. ನಮ್ಮಲ್ಲಿ ಶಾಸನದ ಅಭಿಮಾನಿಗಳು ಕೆಲವರು ಮಹಾಜನರ ಸಭೆಯನ್ನು ಕಂಡೊಡನೆ ‘ಪ್ರಜಾಪ್ರಭುತ್ವ’ವೆಂದು ಕೈತಟ್ಟುತ್ತಾರೆ. ಅದು ಪ್ರಜಾಪ್ರಭುತ್ವವಾಗಿರಲಿಲ್ಲ. ಅಗ್ರಹಾರದ ಸಭೆಯಲ್ಲಿ ಕೂಡ್ರುವ ಹಕ್ಕು ಹುಟ್ಟಿನಿಂದಲೂ ಭೂಮಿಯಿಂದಲೂ ಬರುತ್ತಿತ್ತು. ಸೂಡಿಯ ಕಟ್ಟಳೆ ಸೆಟ್ಟಿಗಳಿಗೂ ಎಂಬತ್ತು ಮನೆಗಳಿಗೂ ಆಯಿತು. ಆ ಮನೆಗಳ ಎರೆಹೊಲದಲ್ಲಿ ಕಳೆ ಕಿತ್ತವರು, ಊರ ಹೊರಗೆ ಇದ್ದವರು ಆ ಲೆಕ್ಕದಲ್ಲಿ ಬಂದರೋ? ನಾಡನ್ನಾಳುವ ಹೆಣ್ಣುಮಗಳು ಇದ್ದಳು; ಊರಿನ ಸಭೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಪೊರಿಗೆರೆಯ ಕಟ್ಟಳೆಯ ಹಿರಿಮೆ ಅದು ಎಲ್ಲರನ್ನೂ ಸಭೆಗೆ ಕರೆಯಿತೆಂಬುದರಲ್ಲಿ ಇಲ್ಲ. ತೆರಿಗೆ ಕೇಳುವವನೂ ಬರಹಕ್ಕೆ ಕಟ್ಟುಬಿದ್ದವನೆಂದು ಅದು ಕಲ್ಲಿನಲ್ಲಿ ಕೆತ್ತಿ ಹೇಳಿತು. ಹಿರಿಮೆ ಇರುವುದು ಅಷ್ಟರಲ್ಲಿ.

ನಡುವಣ ಶತಮಾನಗಳನ್ನು ಬೇಗನೆ ದಾಟೋಣ. ವಿಜಯನಗರ, ಬಿಜಾಪುರದ ಆದಿಲಶಾಹಿ, ಪೇಶವೆಯರು, ಹೀಗೆ ಮೇಲಿನ ಧಣಿಗಳು ಬದಲಾದರು. ಊರಿನ ಕೆಳಗಿನ ಯಂತ್ರವು ಗೌಡ, ಕುಲಕರ್ಣಿ, ಆಯಗಾರರ ಕೈಯಲ್ಲಿ ಉರುಳುತ್ತ ಬಂದಿತು. ಇಂಗ್ಲಿಷರ ಕಾಲಕ್ಕೆ ನಮ್ಮ ಸೀಮೆ ಹರಿದ ಕೌದಿಯಂತಾಗಿತ್ತು. ಗದಗು, ಕುರ್ತಕೋಟಿ, ಮುಂಡರಗಿ ಇಂಗ್ಲಿಷರ ಧಾರವಾಡ ಜಿಲ್ಲೆಯಲ್ಲಿ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ. ೧೯೪೮ರಲ್ಲಿ ಆ ಸಂಸ್ಥಾನಗಳು ವಿಲೀನವಾಗುವವರೆಗೆ ಇದೇ ಸ್ಥಿತಿ.

ಸೀಮೆಗೆ ಹೊಸ ಮಾದರಿಯ ಮುನಸಿಪಾಲಿಟಿ ಬಂದದ್ದು ೧೮೫೯ರಲ್ಲಿ, ಗದಗು-ಬೆಟಗೇರಿಗೆ. ಅದರ ಹಿಂದಿನ ವರುಷವೇ ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಇಂಗ್ಲಿಷರ ಮೇಲೆ ಎದ್ದಿದ್ದರು ಎಂಬುದನ್ನು ನೆನೆದರೆ ಆ ಕಾಲದ ಗಾಳಿ ಹೇಗಿತ್ತೆಂದು ಊಹಿಸಬಹುದು. ೧೮೫೦ರ ೨೬ನೆಯ ಕಾಯಿದೆಯ ಪ್ರಕಾರ ಊರಿನ ನಿವಾಸಿಗಳು ಬಯಸಿದರೆ ಮಾತ್ರ ಮುನಸಿಪಾಲಿಟಿ. ಆದರೆ ಕಮಿಶನರರನ್ನು ನೇಮಿಸುವವರು ಸರಕಾರದವರು. ನಿವಾಸಿಗಳು ನಿಜವಾಗಿ ಎಷ್ಟು ಬಯಸಿದರೋ, ಬಯಸಿದರೆಂದು ಎಷ್ಟು ಬರೆದುಕೊಂಡರೋ! ೧೮೮೨ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ರಿಪನ್ ಪ್ರಭುಗಳ ಠರಾವು ಬಂದಿತು. ಸ್ಥಳೀಯ ಸ್ವರಾಜ್ಯದಿಂದ ಕೆಲಸ ತಟ್ಟನೆ ಚೆನ್ನಾಗುವುದೆಂದು ಅವರು ಹೇಳಲಿಲ್ಲ; ಜನರಿಗೆ ರಾಜಕೀಯ ಶಿಕ್ಷಣ ಸಿಗಲಿ ಎಂದರು. ಅದರ ಬೆನ್ನಿಗೆ ೧೮೮೪ರ ಮುಂಬಯಿ ಕಾಯಿದೆ ಚುನಾಯಿತರಿಗೆ ಜಾಗ ಮಾಡಿತು. ೧೯೦೧ರ ಕಾಯಿದೆ ಅದನ್ನು ಇನ್ನಷ್ಟು ವಿಸ್ತರಿಸಿತು. ಮತವಿದ್ದುದು ಮಾತ್ರ ತೆರಿಗೆ ಕೊಡುವ ಕೆಲವರಿಗೆ. ಅಷ್ಟರಲ್ಲಿ ರೈಲು ಬಂದು, ಹತ್ತಿಯ ಪೇಟೆ ಬೆಳೆದು, ೧೯೦೧ರ ಖಾನೇಸುಮಾರಿಯಲ್ಲಿ ಗದಗು-ಬೆಟಗೇರಿ ಕೂಡಿ ೩೦,೬೫೨ ಜನರಾಗಿದ್ದರು. ಇಷ್ಟು ಜನಕ್ಕೆ ನೀರು, ಬೀದಿಯ ದೀಪ, ಗಟಾರ ಎಲ್ಲಿಂದ ಬರಬೇಕು? ಹಣ ಬೇಕು.

ಅದರಲ್ಲಿ ದೊಡ್ಡ ಪಾಲು ಜಕಾತಿಯಿಂದ ಬರುತ್ತಿತ್ತು. ಊರ ಬಾಯಿಯಲ್ಲಿ ನಾಕಾ. ಚಕ್ಕಡಿ ನಿಲ್ಲಿಸಿ, ಚೀಲ ಎಣಿಸಿ, ಪಾವತಿ ಹರಿಯುವ ಕಾರಕೂನ. ಪೆರ್ಜುಂಕದ ಮೊಮ್ಮಗನೆಂದು ಅದನ್ನು ಕರೆಯಬಹುದು. ಜಕಾತಿಯನ್ನು ಪ್ರೀತಿಸಿದವರು ಯಾರೂ ಇಲ್ಲ. ೧೯೭೯ರಲ್ಲಿ ಕರ್ನಾಟಕ ಸರಕಾರವು ಅದನ್ನು ರದ್ದು ಮಾಡಿದಾಗ ವ್ಯಾಪಾರಿಗಳು ಸಂತೋಷಪಟ್ಟರು, ಅದರಲ್ಲಿ ತಪ್ಪಿಲ್ಲ. ಬದಲಿಗೆ ಬಂದ ಪ್ರವೇಶ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಯಿತು. ಊರುಗಳಿಗೆ ಅಲ್ಲಿಂದ ಅನುದಾನ ಬರತೊಡಗಿತು. ಆ ಪ್ರವೇಶ ತೆರಿಗೆಯೂ ಈಗ ಇಲ್ಲ, ೨೦೧೭ರ ಜಿಎಸ್‌ಟಿಯಲ್ಲಿ ಕರಗಿತು. ನಾಕಾದ ಕಿರುಕುಳ ತಪ್ಪಿದ್ದು ಲಾಭ. ಆದರೆ ತನ್ನ ಬಾಗಿಲಲ್ಲಿ ಕೂಡಿಸಿದ ಹಣಕ್ಕೆ ಊರು ಲೆಕ್ಕ ಕೇಳುವ ರೀತಿ ಬೇರೆ. ಬೆಂಗಳೂರಿನಿಂದ ಬಂದ ಹಣಕ್ಕೆ ಕೇಳುವ ರೀತಿ ಬೇರೆ. ಮೇಲಿನಿಂದ ಬಂದದ್ದು ಬಂದಷ್ಟಕ್ಕೆ ಪ್ರಸಾದವೆಂದು ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ ನಮಗೆ ಹತ್ತಿಬಿಟ್ಟಿತು. ಕಾರ್ತಿಕದ ತೆರಿಗೆಯನ್ನು ಸೇಣಿಗೆ ಬಿಟ್ಟ ಯುವರಾಜನು ಈ ಭೇದವನ್ನು ಅರಿತಿದ್ದನೆಂದು ಕಾಣುತ್ತದೆ.

ಇಂದಿನ ಕಾಯಿದೆಗಳಿಗೆ ಬರೋಣ. ಪಟ್ಟಣಗಳಿಗೆ ೧೯೬೪ರ ಪುರಸಭೆಗಳ ಕಾಯಿದೆ. ಹಳ್ಳಿಗಳಿಗೆ ೧೯೯೩ರ ಪಂಚಾಯತ್ ರಾಜ್ ಕಾಯಿದೆ. ಅದಕ್ಕೂ ಮೊದಲು, ‘ನೀರಸಾಬ’ರೆಂದು ಜನ ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ, ೧೯೮೭ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆ ನಡೆದು ಹಳ್ಳಿಯ ಕೈಗೆ ನಿಜವಾದ ಅಧಿಕಾರ ಬಂದುದನ್ನು ಹಿರಿಯ ಓದುಗರು ಮರೆತಿರಲಾರರು. ಪುರಸಭೆಯು ಹೊಸ ಉಪವಿಧಿ ಮಾಡಬೇಕಾದರೆ ಕರಡನ್ನು ಮೊದಲು ಪ್ರಕಟಿಸಿ ನಿವಾಸಿಗಳ ಆಕ್ಷೇಪಣೆಗಳನ್ನು ಕೇಳಬೇಕು. ಬೀದಿಯಲ್ಲಿ ಅಂಗಡಿ ಹೂಡುವುದು, ಮನೆ ಕಟ್ಟುವುದು, ಕಸ ಚೆಲ್ಲುವುದು ಯಾವುದರ ಉಪವಿಧಿಯಾದರೂ ಅಷ್ಟೇ. ಆ ಕಾಗದ ಕಚೇರಿಯ ಹಲಗೆಯ ಮೇಲೆ ಅಂಟಿರುತ್ತದೆ; ಅದನ್ನು ಓದಿದವರೆಷ್ಟು, ತಕರಾರು ಬರೆದುಕೊಟ್ಟವರೆಷ್ಟು ಎಂದು ನೀವೇ ನಿಮ್ಮ ಓಣಿಯಲ್ಲಿ ಎಣಿಸಿ ನೋಡಬಹುದು. ಉಪವಿಧಿ ಜಾರಿಗೆ ಬಂದ ಮೇಲೆ ತಕರಾರಿನವರಿಗೆ ಕೊರತೆಯಿರುವುದಿಲ್ಲ.

ಕುರ್ತಕೋಟಿಯಂಥ ಗ್ರಾಮ ಪಂಚಾಯತಿಯ ಊರಿನಲ್ಲಿ ಸಂಗತಿ ಇನ್ನೂ ಹತ್ತಿರದ್ದು. ಅಲ್ಲಿ ಗ್ರಾಮಸಭೆಯಿದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಪ್ರತಿಯೊಬ್ಬರೂ ಅದರ ಸದಸ್ಯರೇ. ಆರಿಸಿ ಬರಬೇಕಾಗಿಲ್ಲ, ಹುಟ್ಟು ಕೇಳುವುದಿಲ್ಲ, ಹೊಲ ಕೇಳುವುದಿಲ್ಲ. ಮಹಾಜನರ ಸಭೆಯ ಬಾಗಿಲಲ್ಲಿ ನಿಂತೇ ಹೋದವರೆಲ್ಲರೂ ಇಲ್ಲಿ ಒಳಗೆ ಬಂದಿದ್ದಾರೆ. ೨೦೧೦ರಿಂದೀಚೆಗೆ ಪಂಚಾಯತಿಯ ಅರ್ಧ ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲು. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕೂಡಬೇಕೆಂದು ಕಾಯಿದೆ ಬರೆಯುವಾಗ, ಎಷ್ಟು ಜನ ಬಂದರೆ ಸಭೆ ಎನ್ನಬೇಕೆಂಬುದನ್ನೂ ಗೊತ್ತುಮಾಡಿದರು: ಹತ್ತರಲ್ಲಿ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅದು.

ಸಾವಿರಾರು ಮತದಾರರ ಊರಿನಲ್ಲಿ ನೂರು ಜನ. ಲಕ್ಕುಂಡಿಯ ಮಹಾಜನರೇ ಸಾವಿರವಿದ್ದರು. ಬಾನುಲಿಯ ಮುಂದೆ ಕೂತು ದಿಲ್ಲಿಯ ಬಜೆಟ್ಟನ್ನು ಅಕ್ಷರಕ್ಷರ ಕೇಳುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಚಹದ ಪುಡಿ ಏರಿತೋ ಇಳಿಯಿತೋ ಎಂಬ ಚರ್ಚೆ ರಾತ್ರಿಯೆಲ್ಲ ನಡೆಯುತ್ತದೆ. ತಮ್ಮ ಓಣಿಯ ನಳಕ್ಕೆ ಈ ವರುಷ ಎಷ್ಟು ರೂಪಾಯಿ ತೆಗೆದಿಟ್ಟಿದ್ದಾರೆಂದು ಕೇಳಿದರೆ ಅದೇ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪಂಚಾಯತಿಯ ಲೆಕ್ಕವನ್ನು, ಮುಂದಿನ ವರುಷದ ಕೆಲಸಗಳ ಯಾದಿಯನ್ನು, ಮನೆ ಕಟ್ಟಿಸಿಕೊಳ್ಳಲು ಸಹಾಯಧನ ಯಾರಿಗೆ ಎಂಬುದನ್ನು ಓದುವುದು ಈ ಗ್ರಾಮಸಭೆಯಲ್ಲಿ. ಅಲ್ಲಿ ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ನಡಾವಳಿಯ ಪುಸ್ತಕದಲ್ಲಿ ಬರೆಯಬೇಕಾಗುತ್ತದೆ. ಕಟ್ಟೆಯ ಮೇಲೆ ಆಡಿದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಸಭೆಯ ದಿನವನ್ನು ಮೊದಲೇ ಡಂಗುರ ಸಾರಿಸಿಯೋ ನೋಟೀಸು ಹಚ್ಚಿಯೋ ತಿಳಿಸುತ್ತಾರೆ. ಮುಂದಿನ ಸಭೆಯು ಯಾವಾಗ ಎಂಬುದನ್ನು ನಿಮ್ಮ ಪಂಚಾಯತಿಯ ಕಾರ್ಯದರ್ಶಿಗಳನ್ನು ಕೇಳಿದರೆ ಹೇಳುತ್ತಾರೆ.